ಅರ್ಧ ಟೀ ಚಮಚ, ಒಂದು ಕರವಸ್ತ್ರ: ಎಡಿನ್‌ಬರೊದ ಪ್ರಸೂತಿ ಪ್ರೊಫೆಸರ್ ಸಿಂಪ್ಸನ್

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಹೆರಿಗೆ ವಾರ್ಡಿನ ಟ್ರೇಯಲ್ಲಿರುವ ಸಿಂಪ್ಸನ್ ಫೋರ್ಸೆಪ್ಸ್‌ಗೆ ಹೆಸರು ಕೊಟ್ಟವರೂ ಕ್ಲೋರೋಫಾರ್ಮ್ ಕಂಡುಹಿಡಿದ ಸಿಂಪ್ಸನ್ನರೂ ಒಬ್ಬರೇನಾ? ವಿಕ್ಟೋರಿಯಾ ರಾಣಿಗೆ ಕ್ಲೋರೋಫಾರ್ಮ್ ಕೊಟ್ಟು ಹೆರಿಗೆ ಮಾಡಿಸಿದ್ದು ಅವರೇ ಎಂದು ಓದಿದ್ದೇನೆ. ಅಷ್ಟು ಒಳ್ಳೆಯ ಔಷಧವಾಗಿದ್ದರೆ ಈಗ ಯಾಕೆ ಯಾರೂ ಬಳಸುವುದಿಲ್ಲ?

ಉತ್ತರ: ಹೌದು, ಇಬ್ಬರೂ ಒಬ್ಬರೇ: ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 1840ರಿಂದ 1870ರವರೆಗೆ ಪ್ರಸೂತಿ ವಿಭಾಗದ ಪ್ರೊಫೆಸರ್ ಆಗಿದ್ದ ಜೇಮ್ಸ್ ಯಂಗ್ ಸಿಂಪ್ಸನ್. ಆದರೆ ಕ್ಲೋರೋಫಾರ್ಮನ್ನು ಕಂಡುಹಿಡಿದವರು ಅವರಲ್ಲ. ರಾಣಿಗೆ ಕೊಟ್ಟವರೂ ಅವರಲ್ಲ. ಇವೆರಡು ತಪ್ಪುಗಳು ಎಷ್ಟೋ ಪಠ್ಯಗಳಲ್ಲಿ, ರಸಪ್ರಶ್ನೆ ಪುಸ್ತಕಗಳಲ್ಲಿ ಬೇರು ಬಿಟ್ಟಿವೆ. ಅವರು ನಿಜವಾಗಿ ಮಾಡಿದ್ದು, ಬೇರೆಯವರು ತಯಾರಿಸಿಟ್ಟಿದ್ದ, ಮೂಸಿದರೆ ಎಚ್ಚರ ತಪ್ಪಿಸುವ ದ್ರವವೊಂದನ್ನು ಹೆರಿಗೆ ಕೋಣೆಯೊಳಕ್ಕೆ ತಂದದ್ದು, ಅದೂ ಯಾವ ಯಂತ್ರವೂ ಇಲ್ಲದೆ ಒಂದು ಕರವಸ್ತ್ರದಲ್ಲಿ. ಆ ಕರವಸ್ತ್ರದಿಂದಾಗಿಯೇ ಕ್ಲೋರೋಫಾರ್ಮ್ ಕೆಲವೇ ವಾರಗಳಲ್ಲಿ ಊರೂರಿಗೆ ಹಬ್ಬಿತು. ಜನ ಸತ್ತದ್ದೂ ಬಹುಮಟ್ಟಿಗೆ ಅದರಿಂದಲೇ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವಿರುವುದೂ ಅಲ್ಲೇ.

ಸಿಂಪ್ಸನ್ ಹುಟ್ಟಿದ್ದು 1811ರ ಜೂನ್ 7ರಂದು, ಎಡಿನ್‌ಬರೊದ ಪಶ್ಚಿಮಕ್ಕಿರುವ ಬಾತ್‌ಗೇಟ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಬೇಕರಿ, ಇವರು ಏಳನೆಯ ಮಗ. ಹದಿನಾಲ್ಕಕ್ಕೇ ವಿಶ್ವವಿದ್ಯಾಲಯ ಸೇರಿ, 1830ರಲ್ಲಿ ಶಸ್ತ್ರವೈದ್ಯರ ಕಾಲೇಜಿನ ಪರವಾನಗಿ ಪಡೆದರು. ಎಂ.ಡಿ.ಗೆ ವಯಸ್ಸು ಸಾಲದೆ ಕಾಯಬೇಕಾಯಿತು. ಅದು ಬಂದದ್ದು 1832ರಲ್ಲಿ. ಆಮೇಲೆ ರೋಗಶಾಸ್ತ್ರದ (ಪೆಥಾಲಜಿ) ಪ್ರೊಫೆಸರ್ ಜಾನ್ ಥಾಮ್ಸನ್ ಅವರ ಕೈಕೆಳಗೆ ಸಹಾಯಕರಾಗಿದ್ದುಕೊಂಡು ಪ್ರಸೂತಿಯ ಕಡೆ ಹೊರಳಿದರು.

ಆಗ ಎಡಿನ್‌ಬರೊದಲ್ಲಿ ಪ್ರೊಫೆಸರನ್ನು ಆರಿಸುತ್ತಿದ್ದದ್ದು ವಿಶ್ವವಿದ್ಯಾಲಯವಲ್ಲ, ನಗರಸಭೆ. ಪ್ರಸೂತಿ ಪೀಠಕ್ಕೆ ಅಲ್ಲಿ ಹಳೆಯ ಇತಿಹಾಸವಿದೆ: 1726ರಲ್ಲೇ ಜೋಸೆಫ್ ಗಿಬ್ಸನ್ ಎಂಬವರನ್ನು ನಗರಸಭೆ ಆ ಹೆಸರಿನಲ್ಲಿ ನೇಮಿಸಿತ್ತು. ಆದರೂ ಹೆರಿಗೆ ಮಾಡಿಸುವುದು ಸೂಲಗಿತ್ತಿಯರ ಕೆಲಸ, ಪಂಡಿತರಿಗೆ ತಕ್ಕದ್ದಲ್ಲ ಎಂಬ ತಾತ್ಸಾರ ವೈದ್ಯರಲ್ಲೇ ಬಹುಕಾಲ ಉಳಿದಿತ್ತು. ಜೇಮ್ಸ್ ಹ್ಯಾಮಿಲ್ಟನ್ ಬಿಟ್ಟುಕೊಟ್ಟ ಆ ಪೀಠಕ್ಕೆ ಸಿಂಪ್ಸನ್ ಅರ್ಜಿ ಹಾಕಿದಾಗ ಅವರಿಗೆ 28 ವರ್ಷ. ವಯಸ್ಸು ಸಾಲದು, ಮದುವೆಯೂ ಆಗಿಲ್ಲ ಎಂಬ ಆಕ್ಷೇಪಗಳು ಎದ್ದವು. ಮೊದಲನೆಯದಕ್ಕೆ ಮದ್ದಿರಲಿಲ್ಲ. ಎರಡನೆಯದಕ್ಕೆ, 1839ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಜೆಸ್ಸಿ ಗ್ರಿಂಡ್ಲೆ ಅವರನ್ನು ಮದುವೆಯಾದರು. 1840ರ ಫೆಬ್ರವರಿ 4ರಂದು ಮತ ಎಣಿಸಿದಾಗ ಡಬ್ಲಿನ್ನಿನ ಎವರಿ ಕೆನಡಿಗೆ 16, ಸಿಂಪ್ಸನ್ನರಿಗೆ 17. ಮುಂದಿನ ಮೂವತ್ತು ವರ್ಷಗಳ ಪ್ರಸೂತಿ ಚರಿತ್ರೆ ನಿಂತದ್ದು ಆ ಒಂದು ಮತದ ಮೇಲೆ.

ಈಗ ಅರಿವಳಿಕೆಯ ವಿಷಯ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್, ಈಥರ್ ಎಂಬ ಮಂಪರು ಬರಿಸುವ ದ್ರವದ ಆವಿ ಕೊಟ್ಟು ಶಸ್ತ್ರಕ್ರಿಯೆಗೆ ದಾರಿ ಮಾಡಿದರು. ಡಿಸೆಂಬರ್ 21ರಂದು ಲಂಡನ್ನಿನಲ್ಲಿ ಶಸ್ತ್ರವೈದ್ಯ ಲಿಸ್ಟನ್ ಈಥರ್ ಕೊಟ್ಟು ಕಾಲು ಕತ್ತರಿಸಿದರು. ಹೆರಿಗೆಯಲ್ಲಿ ಅದನ್ನು ಬಳಸಬಹುದೇ ಎಂಬುದು ಬೇರೆಯದೇ ಪ್ರಶ್ನೆ. ಶಸ್ತ್ರಕ್ರಿಯೆಯಲ್ಲಿ ರೋಗಿ ಅಲುಗದೆ ಮಲಗಿದರೆ ಸಾಕು. ಹೆರಿಗೆಯಲ್ಲಿ ಗರ್ಭಕೋಶ ಕೆಲಸ ನಿಲ್ಲಿಸಬಾರದು. ಮಲಗಿಸಿದರೆ ಬೇನೆಯೂ ನಿಂತುಹೋಗುವುದೇ? ಮಗುವಿಗೆ ಏನಾದರೂ ಆಗುವುದೇ? ಯಾರಿಗೂ ಗೊತ್ತಿರಲಿಲ್ಲ. 1847ರ ಜನವರಿ 19ರಂದು ಸಿಂಪ್ಸನ್ ಕಟಿಮೂಳೆ ಇಕ್ಕಟ್ಟಾಗಿದ್ದ ಹೆಂಗಸೊಬ್ಬರಿಗೆ ಈಥರ್ ಕೊಟ್ಟು, ಕೈ ಒಳಹಾಕಿ ಮಗುವನ್ನು ತಿರುಗಿಸಿ ಕಾಲು ಹಿಡಿದು ಹೊರತೆಗೆದರು. ಆಕೆಗೆ ನೋವು ತಿಳಿಯಲಿಲ್ಲ, ಗರ್ಭಕೋಶದ ಸಂಕೋಚನವೂ ನಿಲ್ಲಲಿಲ್ಲ. ಆಧುನಿಕ ಅರಿವಳಿಕೆಯಲ್ಲಿ ಆದ ಮೊದಲ ಹೆರಿಗೆ ಇದು. ಪರೀಕ್ಷೆಯಲ್ಲಿ ಸಿಂಪ್ಸನ್ನರ ಹೆಸರಿನ ಮುಂದೆ ‘ಮೊದಲು’ ಎಂದು ಬರೆಯಬೇಕಾದ ದಿನ ಇದೇ, ಕ್ಲೋರೋಫಾರ್ಮಿನದಲ್ಲ.

ಈಥರಿನ ತೊಂದರೆ ಅವರಿಗೆ ಬೇಗ ತಿಳಿಯಿತು. ವಾಸನೆ ತಡೆಯಲಾಗದು, ಗಂಟಲು ಕೆರೆದು ಕೆಮ್ಮು ಬರುತ್ತದೆ. ಗಂಟೆಗಟ್ಟಲೆ ನಡೆಯುವ ಹೆರಿಗೆಗೆ ಬಾಟಲಿಗಟ್ಟಲೆ ಬೇಕು. ಕೊಡಲು ಗಾಜಿನ ಉಪಕರಣ ಬೇಕು. ಅದನ್ನು ಹೊತ್ತು ಮೂರು ನಾಲ್ಕು ಮಹಡಿ ಹತ್ತಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅದು ಬೆಂಕಿ ಹಿಡಿಯುತ್ತದೆ. ಅಂದಿನ ಹೆರಿಗೆ ಆಗುತ್ತಿದ್ದದ್ದು ಮನೆಯಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಉರಿಯುವ ಒಲೆಯ ಪಕ್ಕದಲ್ಲಿ ಎಂಬುದನ್ನು ಮರೆಯಬಾರದು.

ಹಾಗಾಗಿ ಬೇರೆ ದ್ರವದ ಹುಡುಕಾಟ ಶುರುವಾಯಿತು. ಕ್ಲೋರೋಫಾರ್ಮನ್ನು 1831ರ ಸುಮಾರಿಗೇ ಅಮೆರಿಕದ ಗಥ್ರಿ, ಫ್ರಾನ್ಸಿನ ಸೂಬೇರಾನ್, ಜರ್ಮನಿಯ ಲೀಬಿಗ್ ಮೂವರೂ ತಂತಮ್ಮ ಪಾಡಿಗೆ ತಯಾರಿಸಿದ್ದರು. ಅದಕ್ಕೆ ಆ ಹೆಸರಿಟ್ಟವರು ಫ್ರಾನ್ಸಿನ ಡ್ಯೂಮಾ. 1847ರಲ್ಲೇ ಫ್ರಾನ್ಸಿನ ಶರೀರಶಾಸ್ತ್ರಜ್ಞ ಫ್ಲೂರಾನ್ಸ್ ಅದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ಮಂಪರು ಬರುವುದನ್ನು ಕಂಡಿದ್ದರು. ಇದನ್ನು ನೋಡಿ ಎಂದು ಸಿಂಪ್ಸನ್ನರಿಗೆ ಹೇಳಿದವರು ಲಿವರ್‌ಪೂಲಿನಲ್ಲಿದ್ದ ಸ್ಕಾಟ್ ರಸಾಯನಜ್ಞ ಡೇವಿಡ್ ವಾಲ್ಡಿ. ತಾವೇ ತಯಾರಿಸಿ ಕಳಿಸುತ್ತೇನೆ ಎಂದಿದ್ದರೂ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಆಗಲಿಲ್ಲ. ಸಿಂಪ್ಸನ್ ಎಡಿನ್‌ಬರೊದ ಡಂಕನ್ ಅಂಡ್ ಫ್ಲಾಕ್‌ಹಾರ್ಟ್ ಔಷಧದಂಗಡಿಯಿಂದ ತರಿಸಿಕೊಂಡರು. ವಾಲ್ಡಿಯವರಿಗೆ ಸಲ್ಲಬೇಕಾದಷ್ಟು ಹೆಸರು ಸಲ್ಲಲಿಲ್ಲ ಎಂಬುದು ನ್ಯಾಯವಾದ ದೂರು. ಅವರು 1853ರಲ್ಲಿ ಕಲ್ಕತ್ತಾಕ್ಕೆ ಬಂದು ರಾಸಾಯನಿಕ ತಯಾರಿಕೆಗೆ ತೊಡಗಿದರು. ತೀರಿಕೊಂಡದ್ದೂ ಭಾರತದಲ್ಲೇ, 1889ರಲ್ಲಿ.

1847ರ ನವೆಂಬರ್ 4ರ ರಾತ್ರಿ ಕ್ವೀನ್ ಸ್ಟ್ರೀಟಿನ 52ನೇ ನಂಬರಿನ ಮನೆಯ ಊಟದ ಮೇಜಿನ ಸುತ್ತ ಸಿಂಪ್ಸನ್ ಮತ್ತು ಅವರ ಸಹಾಯಕರಾದ ಜಾರ್ಜ್ ಕೀತ್, ಮ್ಯಾಥ್ಯೂಸ್ ಡಂಕನ್ ಕುಳಿತು ಲೋಟಗಳಲ್ಲಿ ದ್ರವಗಳನ್ನು ಹಾಕಿ ಮೂಸುತ್ತಿದ್ದರು. ಕ್ಲೋರೋಫಾರ್ಮ್ ತುಂಬ ಭಾರದ ದ್ರವ, ಚೆನ್ನಾಗಿ ಆವಿಯಾಗದೇನೋ ಎಂದು ಆ ಬಾಟಲಿಯನ್ನು ಅವರು ಮೊದಲು ಪಕ್ಕಕ್ಕಿಟ್ಟಿದ್ದರು. ಮೂಸಿದ ಕೆಲ ನಿಮಿಷಗಳಲ್ಲಿ ಮೂವರೂ ನೆಲದಲ್ಲಿದ್ದರು. ಕಥೆ ರಮ್ಯವಾಗಿದೆ. ಆದರೆ ಇಂದಿನ ಕಣ್ಣಿಗೆ ಕಾಣುವುದು ಬೇರೆ: ಎಷ್ಟು ಮೂಸಿದರು ಎಂಬ ಅಳತೆ ಆ ಮೇಜಿನ ಮೇಲೆ ಎಲ್ಲೂ ಇರಲಿಲ್ಲ, ಮೂವರೂ ಎದ್ದದ್ದು ಅದೃಷ್ಟ.

ಕೆಲವೇ ದಿನಗಳಲ್ಲಿ ಅದು ಹೆರಿಗೆಗೆ ಬಂತು. ಮೊದಲ ತಾಯಿ ವೈದ್ಯರೊಬ್ಬರ ಹೆಂಡತಿ. ಹಿಂದಿನ ಹೆರಿಗೆಯಲ್ಲಿ ಮೂರು ದಿನ ಬೇನೆ ತಿಂದು, ಕೊನೆಗೆ ಮಗುವಿನ ತಲೆಬುರುಡೆ ಒಡೆದು ತೆಗೆಯಬೇಕಾಗಿ ಬಂದಿತ್ತು. ಈ ಸಲ ಬೇನೆ ಶುರುವಾಗಿ ಮೂರೂವರೆ ಗಂಟೆಯಾದ ಮೇಲೆ ಸಿಂಪ್ಸನ್ ಕರವಸ್ತ್ರವನ್ನು ಲಾಳಿಕೆಯಂತೆ ಸುತ್ತಿ, ಅದರಲ್ಲಿ ಅರ್ಧ ಟೀ ಚಮಚ, ಅಂದರೆ ಸುಮಾರು 2 ಮಿಲಿಲೀಟರ್ ಹಾಕಿ, ಅಗಲದ ಬಾಯನ್ನು ಆಕೆಯ ಮೂಗು ಬಾಯಿಗೆ ಹಿಡಿದರು. ಹತ್ತು ಹನ್ನೆರಡು ನಿಮಿಷ ಬಿಟ್ಟು, ಆರಿಹೋದದ್ದಕ್ಕೆ ಇನ್ನೊಮ್ಮೆ ಹಾಕಿದರು. ಮೂಸಲು ತೊಡಗಿದ 25 ನಿಮಿಷಕ್ಕೆ ಮಗು ಹುಟ್ಟಿತು. ಎಚ್ಚರವಾದ ತಾಯಿ, ಒಳ್ಳೆಯ ನಿದ್ದೆಯಾಯಿತು, ಇನ್ನು ಹೆರಿಗೆಯ ಕೆಲಸಕ್ಕೆ ಶಕ್ತಿ ಬಂತು ಎಂಬ ಅರ್ಥದ ಮಾತಾಡಿದರಂತೆ. ಪಕ್ಕದ ಕೋಣೆಯಿಂದ ತಂದ ಮಗು ತನ್ನದೇ ಎಂದು ನಂಬಿಸಲು ಕಷ್ಟವಾಯಿತು. ಆ ಮಗುವಿಗೆ ‘ಅನಸ್ತೀಸಿಯಾ’ ಎಂದೇ ಹೆಸರಿಟ್ಟರು ಎಂಬುದು ಕಟ್ಟುಕಥೆ. ಆಕೆಯ ಹೆಸರು ವಿಲ್ಹೆಲ್ಮಿನಾ.

ನವೆಂಬರ್ 10ರಂದು ವೈದ್ಯರ ಸಂಘದ ಮುಂದೆ ವರದಿ, 15ರ ಹೊತ್ತಿಗೆ ಅಚ್ಚಾದ ಪುಸ್ತಿಕೆ. ಈ ವೇಗಕ್ಕೆ ಕಾರಣ ಔಷಧದ ಗುಣ ಮಾತ್ರವಲ್ಲ. ಕ್ಲೋರೋಫಾರ್ಮ್ ಸಿಹಿ ವಾಸನೆಯದು, ಬೆಂಕಿ ಹಿಡಿಯದು, ಸಣ್ಣ ಶೀಶೆಯಲ್ಲಿ ಕೋಟಿನ ಜೇಬಿಗೆ ಹೋಗುತ್ತದೆ, ಕರವಸ್ತ್ರ ಯಾರ ಬಳಿಯೂ ಇರುತ್ತದೆ. ಹಳ್ಳಿಯ ವೈದ್ಯನಿಗೂ ಮರುದಿನವೇ ಮಾಡಲು ಬರುವಂಥದ್ದು.

ಪಾದ್ರಿಗಳೆಲ್ಲ ಅವರ ವಿರುದ್ಧ ತಿರುಗಿಬಿದ್ದರು ಎಂಬುದೂ ಉಬ್ಬಿಸಿದ ಮಾತು. ‘ನೋವಿನಿಂದ ಮಕ್ಕಳನ್ನು ಹೆರುವೆ’ ಎಂಬ ಬೈಬಲ್ ವಾಕ್ಯವನ್ನು ಮುಂದಿಟ್ಟವರು ಇದ್ದರು, ನಿಜ. ಸಿಂಪ್ಸನ್ 1847ರ ಡಿಸೆಂಬರಿನಲ್ಲೇ ಅದಕ್ಕೊಂದು ಪುಸ್ತಿಕೆಯಲ್ಲಿ ಉತ್ತರ ಕೊಟ್ಟರು: ಹೀಬ್ರೂ ಮೂಲದ ಆ ಪದಕ್ಕೆ ಶ್ರಮ ಎಂಬ ಅರ್ಥವಿದೆ, ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢ ನಿದ್ದೆ ಬರಿಸಲಿಲ್ಲವೇ? ಆದರೆ ಚರ್ಚುಗಳ ಸಂಘಟಿತ ವಿರೋಧಕ್ಕೆ ಪುರಾವೆ ತೀರ ಕಡಿಮೆ ಎಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ಗಟ್ಟಿಯಾದ ವಿರೋಧ ಬಂದದ್ದು ವೈದ್ಯರಿಂದ. ಹೆರಿಗೆ ನೋವು ಸಹಜ ಕ್ರಿಯೆ, ಅದನ್ನು ಅಡಗಿಸುವುದು ಅಪಾಯ ಎಂದು ಫಿಲಡೆಲ್ಫಿಯಾದ ಪ್ರೊಫೆಸರ್ ಚಾರ್ಲ್ಸ್ ಮೀಗ್ಸ್ ಬರೆದರು. ನಡಿಗೆಯೂ ಸಹಜವೇ, ಹಾಗೆಂದು ಗಾಡಿ ಹತ್ತಬಾರದೇ ಎಂದು ಸಿಂಪ್ಸನ್ ಕೇಳಿದರು. ಚುರುಕಾದ ಉತ್ತರ, ಆದರೆ ಅಪಾಯದ ಪ್ರಶ್ನೆಗೆ ಅದು ಉತ್ತರವಲ್ಲ.

ಯಾಕೆಂದರೆ ಎರಡೂವರೆ ತಿಂಗಳಲ್ಲೇ ಸಾವು ಸಂಭವಿಸಿತ್ತು. 1848ರ ಜನವರಿ 28ರಂದು ನ್ಯೂಕ್ಯಾಸಲ್ ಬಳಿಯ ವಿನ್‌ಲೇಟನ್ನಿನಲ್ಲಿ, ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಕಾಲ್ಬೆರಳಿನ ಉಗುರು ತೆಗೆಯಲೆಂದು ಕ್ಲೋರೋಫಾರ್ಮ್ ಕೊಟ್ಟರು. ಬಟ್ಟೆಯ ಮೇಲೆ ಒಂದು ಟೀ ಚಮಚದಷ್ಟು. ಕೆಲವೇ ನಿಮಿಷಗಳಲ್ಲಿ ಆಕೆ ತೀರಿಕೊಂಡಳು. ಎಚ್ಚರಿಸಲು ಬಾಯಿಗೆ ಸುರಿದ ನೀರು, ಬ್ರಾಂದಿ ಉಸಿರುನಾಳಕ್ಕೆ ಹೋಗಿ ಸತ್ತಳು ಎಂಬುದು ಸಿಂಪ್ಸನ್ನರ ವಾದ. ಕ್ಲೋರೋಫಾರ್ಮನ್ನು ಅವರು ಕೈಬಿಡಲು ಒಪ್ಪಲಿಲ್ಲ.

ಅವರಷ್ಟು ಹೆಸರಿಲ್ಲದ, ಆದರೆ ಈ ವಿಷಯದಲ್ಲಿ ಅವರಿಗಿಂತ ಆಳಕ್ಕಿಳಿದ ಒಬ್ಬರು ಲಂಡನ್ನಿನಲ್ಲಿದ್ದರು: ಜಾನ್ ಸ್ನೋ. ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ ಸ್ನೋ ಇವರೇ. ಅವರ ಲೆಕ್ಕ ಸರಳ: ರೋಗಿಗೆ ಅಪಾಯವಾಗುವುದು ಎಷ್ಟು ಚಮಚ ಸುರಿದಿರಿ ಎಂಬುದರಿಂದಲ್ಲ, ಎಳೆದುಕೊಳ್ಳುವ ಗಾಳಿಯಲ್ಲಿ ಆವಿ ನೂರಕ್ಕೆ ಎಷ್ಟು ಪಾಲಿದೆ ಎಂಬುದರಿಂದ. ಆವಿ 4–5 ಪಾಲಿನೊಳಗೇ ಇರುವಂತೆ ನೋಡಿಕೊಳ್ಳುವ ಉಪಕರಣವನ್ನು ಅವರು ಮಾಡಿಕೊಂಡರು. ಕರವಸ್ತ್ರದಲ್ಲಿ ಈ ಹಿಡಿತ ಇಲ್ಲ. ಬಟ್ಟೆ ಮುಖಕ್ಕೆ ಒತ್ತಿದರೆ, ಕೋಣೆ ಬೆಚ್ಚಗಿದ್ದರೆ, ಹೆದರಿದ ರೋಗಿ ಉಸಿರು ಬಿಗಿಹಿಡಿದು ಒಮ್ಮೆಲೇ ದೀರ್ಘವಾಗಿ ಎಳೆದರೆ, ಒಂದೇ ಉಸಿರಿಗೆ ಅದರ ಎರಡು ಪಟ್ಟು ಒಳಗೆ ಹೋಗಬಹುದು.

1853ರ ಏಪ್ರಿಲ್ 7ರಂದು ರಾಣಿಗೆ ಲಿಯೋಪೋಲ್ಡ್ ಹುಟ್ಟಿದಾಗ ಕ್ಲೋರೋಫಾರ್ಮ್ ಕೊಟ್ಟವರು ಈ ಸ್ನೋ. ಸಿಂಪ್ಸನ್ ಸ್ಕಾಟ್ಲೆಂಡಿನಲ್ಲಿ ರಾಣಿಯ ವೈದ್ಯರೆಂಬ ಬಿರುದು ಪಡೆದಿದ್ದರಿಂದ ಈ ಗೊಂದಲ ಹುಟ್ಟಿರಬೇಕು. ಅಂದು ಸ್ನೋ ಕೂಡ ಕರವಸ್ತ್ರವನ್ನೇ ಹಿಡಿದರು. ಆದರೆ ಅಳೆದು 15 ಮಿನಿಮ್, ಅಂದರೆ ಒಂದು ಮಿಲಿಲೀಟರಿಗೂ ಕಡಿಮೆ, ಅದೂ ಬೇನೆ ಬಂದಾಗಲಷ್ಟೇ. ಒಟ್ಟು 53 ನಿಮಿಷ. ರಾಣಿಗೆ ಎಚ್ಚರ ತಪ್ಪಲೇ ಇಲ್ಲ, ನೋವು ಮಾತ್ರ ತಗ್ಗಿತು. ಸಿಂಪ್ಸನ್ ತಾಯಿಯನ್ನು ಮಲಗಿಸುತ್ತಿದ್ದರು, ಸ್ನೋ ನೋವನ್ನು ಮಂಕಾಗಿಸುತ್ತಿದ್ದರು. ವ್ಯತ್ಯಾಸ ಸಣ್ಣದಲ್ಲ: ಇವತ್ತು ಬೇನೆ ಬಂದಾಗ ತಾಯಿಯೇ ಮಾಸ್ಕ್ ಹಿಡಿದು ಎಳೆದುಕೊಳ್ಳುವ ಎಂಟೊನಾಕ್ಸ್, ಅಂದರೆ ಅರ್ಧ ನೈಟ್ರಸ್ ಆಕ್ಸೈಡ್ ಅರ್ಧ ಆಮ್ಲಜನಕ, ಸ್ನೋ ಹಾಕಿದ ದಾರಿಯದೇ.

ಕ್ಲೋರೋಫಾರ್ಮ್ ಯಾಕೆ ಕೊಲ್ಲುತ್ತದೆ ಎಂಬ ಜಗಳ ಅರವತ್ತು ವರ್ಷ ನಡೆಯಿತು. ಎಡಿನ್‌ಬರೊದವರು ಉಸಿರನ್ನು ನೋಡಿಕೊಳ್ಳಿ, ನಾಡಿಯ ಚಿಂತೆ ಬೇಡ ಎನ್ನುತ್ತಿದ್ದರು. ಲಂಡನ್ನಿನವರು ನಾಡಿಯ ಮೇಲಿನ ಬೆರಳು ತೆಗೆಯಬೇಡಿ ಎನ್ನುತ್ತಿದ್ದರು. ಈ ಜಗಳದ ಒಂದು ಅಂಕ ನಮ್ಮ ನೆರೆಯಲ್ಲೇ ನಡೆದಿದೆ. ಎಡಿನ್‌ಬರೊದಲ್ಲಿ ಕಲಿತ ಎಡ್ವರ್ಡ್ ಲಾರಿ, ಹೈದರಾಬಾದಿನಲ್ಲಿ, ಅಂದರೆ ಕಲಬುರಗಿ, ರಾಯಚೂರು, ಬೀದರ್‌ಗಳೂ ಸೇರಿದ್ದ ನಿಜಾಮರ ರಾಜ್ಯದಲ್ಲಿ, 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ನಿಜಾಮರು 1000 ಪೌಂಡ್ ಕೊಟ್ಟರು, ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ನಿಲ್ಲುವುದು ಮೊದಲು ಉಸಿರೇ, ಹೃದಯ ಆಮೇಲೆ ಎಂದು ತೀರ್ಮಾನಿಸಿದರು. ಅತಿಯಾದ ಪ್ರಮಾಣ ಕೊಟ್ಟಾಗ ಅದು ನಿಜ. ಆದರೆ ಹನ್ನಾಳಂತೆ ಶುರುವಿನಲ್ಲೇ ಸಾಯುತ್ತಿದ್ದವರ ಕಾರಣ ಬೇರೆಯಿತ್ತು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದಂತೆ, ಕ್ಲೋರೋಫಾರ್ಮ್ ಹೃದಯದ ಸ್ನಾಯುವನ್ನು ಅಡ್ರಿನಲಿನ್ನಿಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಅರೆಮಂಪರಿನಲ್ಲಿ ಹೆದರಿ ಕೊಸರಾಡುವ ರೋಗಿಯ ಮೈಯಲ್ಲಿ ಅಡ್ರಿನಲಿನ್ ಉಕ್ಕಿದಾಗ, ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗುತ್ತವೆ. ಅಂದರೆ ‘ಹೆದರಿದ್ದಾರೆ, ಸ್ವಲ್ಪವೇ ಕೊಡೋಣ’ ಎಂಬ ಎಚ್ಚರಿಕೆಯೇ ಕೆಲವರಿಗೆ ಮುಳುವಾಗಿತ್ತು.

ಇದಲ್ಲದೆ ಇನ್ನೂ ಮೂರು ದೋಷಗಳು. ದೀರ್ಘಕಾಲ ಕೊಟ್ಟರೆ ಒಂದೆರಡು ದಿನ ಬಿಟ್ಟು ಯಕೃತ್ತು ಕೆಡುತ್ತದೆ. ಕಾಮಾಲೆ, ವಾಂತಿ, ಕೆಲವೊಮ್ಮೆ ಸಾವು. ಆಳವಾಗಿ ಕೊಟ್ಟರೆ ಗರ್ಭಕೋಶ ಸಡಿಲಾಗಿ ಮಾಸು ಬಿದ್ದ ಮೇಲೆ ರಕ್ತಸ್ರಾವ ಹೆಚ್ಚುತ್ತದೆ. ಬೆಳಕು, ಗಾಳಿ ತಾಗಿದರೆ, ಅಥವಾ ಗ್ಯಾಸ್ ದೀಪದ ಉರಿಗೆ ಆವಿ ಸೋಕಿದರೆ, ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಕಂದು ಬಾಟಲಿಯಲ್ಲಿ, ತುಸು ಆಲ್ಕೊಹಾಲ್ ಬೆರೆಸಿ ಇಡುವುದು ಇದಕ್ಕೇ. 1950ರ ದಶಕದಲ್ಲಿ ಹ್ಯಾಲೋಥೇನ್ ಬಂದ ಮೇಲೆ ಕ್ಲೋರೋಫಾರ್ಮಿಗೆ ಅರಿವಳಿಕೆಯಲ್ಲಿ ಜಾಗ ಉಳಿಯಲಿಲ್ಲ.

ಇನ್ನು ನಿಮ್ಮ ಟ್ರೇಯ ಇಕ್ಕಳ, ಅಂದರೆ ಫೋರ್ಸೆಪ್ಸ್. 1848ರಲ್ಲಿ ಸಿಂಪ್ಸನ್ ರೂಪಿಸಿದ್ದರಲ್ಲಿ ಪೂರ್ತಿ ಹೊಸದು ಕಡಿಮೆ, ಕೂಡಿಸಿದ ಜಾಣ್ಮೆ ಹೆಚ್ಚು. ಎರಡು ಭಾಗಗಳನ್ನು ಕೂಡಿಸುವ ಬೀಗ ಹಿಂದಿನ ಶತಮಾನದ ಸ್ಕಾಟ್ ವೈದ್ಯ ಸ್ಮೆಲ್ಲಿಯವರ ಇಂಗ್ಲಿಷ್ ಲಾಕ್. ಕಟಿಯ ದಾರಿಗೆ ಒಗ್ಗುವ ಬಾಗು ಫ್ರಾನ್ಸಿನ ಲೆವ್ರೆ ಮುಂತಾದವರದು. ಕೈಗೆತ್ತಿಕೊಂಡು ನೋಡಿ: ಮಗುವಿನ ತಲೆ ಹಿಡಿಯುವ ಅಲಗಿನ ನಡುವೆ ಕಿಂಡಿ, ಅಲಗು ಮತ್ತು ಬೀಗದ ನಡುವಿನ ಎರಡು ಕಂಬಿಗಳು ಒಂದರ ಮೇಲೊಂದು ಏರದೆ ದೂರ ಸರಿದು ಸಮಾನಾಂತರವಾಗಿವೆ, ಹಿಡಿಯ ಮೇಲ್ತುದಿಯಲ್ಲಿ ಬೆರಳು ಊರಲು ಚಾಚುಗಳಿವೆ. ಆ ಕಂಬಿಗಳ ನಡುವಿನ ತೆರಪು ಮುಖ್ಯ. ಚೊಚ್ಚಲ ಹೆರಿಗೆಯಲ್ಲಿ ಬಹಳ ಹೊತ್ತು ಸಿಕ್ಕಿ ಉದ್ದಗಾದ ತಲೆಯನ್ನು ಅದು ಹಿಂಡದೆ ಹಿಡಿಯುತ್ತದೆ. ತಲೆ ದುಂಡಗೆ ಉಳಿದಿರುವ ಕಡೆ ಕಂಬಿಗಳು ಒಂದರ ಮೇಲೊಂದು ಕೂರುವ ಎಲಿಯಟ್ ಮಾದರಿ ಹೊಂದುತ್ತದೆ.

ವೈದ್ಯರು ಇದನ್ನು ಹಾಕುವಾಗ ನೀವು ಗಮನಿಸಬೇಕಾದ್ದು: ಗರ್ಭದ ಬಾಯಿ ಪೂರ್ತಿ ತೆರೆದಿರಬೇಕು, ನೀರು ಒಡೆದಿರಬೇಕು, ತಲೆ ಕಟಿಯೊಳಗೆ ಇಳಿದಿರಬೇಕು, ನೆತ್ತಿ ಯಾವ ಕಡೆಗಿದೆ ಎಂದು ಖಚಿತವಾಗಿರಬೇಕು, ಮೂತ್ರಕೋಶ ಖಾಲಿಯಿರಬೇಕು, ಅರಿವಳಿಕೆ ಸಾಕಷ್ಟಿರಬೇಕು. ಎಡ ಅಲಗು ಮೊದಲು, ಎಡಗೈಯಲ್ಲಿ, ತಾಯಿಯ ಎಡಬದಿಗೆ; ಬಲಗೈ ಬೆರಳುಗಳು ಒಳಗೆ ಯೋನಿಯ ಗೋಡೆಗೆ ಕಾವಲು. ಬಲ ಅಲಗನ್ನು ಮೊದಲು ಹಾಕಿದರೆ ಇಂಗ್ಲಿಷ್ ಲಾಕ್ ಕೂಡುವುದಿಲ್ಲ, ಹಿಡಿಗಳನ್ನು ಅಡ್ಡಾಡಿಸಬೇಕಾಗುತ್ತದೆ. ಸರಿಯಾದ ಕ್ರಮದಲ್ಲೂ ಬೀಗ ತಾನಾಗಿ ಕೂಡದಿದ್ದರೆ ಒತ್ತಬಾರದು: ಅಲಗು ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಪರೀಕ್ಷಿಸಬೇಕು. ಕಿಂಡಿಯಲ್ಲಿ ಬೆರಳ ತುದಿಗಿಂತ ಹೆಚ್ಚು ಜಾಗ ಸಿಕ್ಕರೆ ಅಲಗು ಸಾಕಷ್ಟು ಒಳಗೆ ಹೋಗಿಲ್ಲ. ಎಳೆತ ಬೇನೆಯ ಜೊತೆಗೇ, ಮೊದಲು ಕೆಳಮುಖ, ತಲೆ ಇಳಿದಂತೆ ಮೇಲ್ಮುಖ. ಈ ಇಕ್ಕಳದಿಂದ ತಲೆಯನ್ನು ಬಹಳ ತಿರುಗಿಸಲು ಹೋಗಬಾರದು. ಕಟಿಯ ಬಾಗು ಇರುವುದರಿಂದ ಹಿಡಿ ಸ್ವಲ್ಪ ತಿರುಗಿದರೂ ಅಲಗಿನ ತುದಿ ದೊಡ್ಡ ಕಮಾನಿನಲ್ಲಿ ಸುತ್ತಿ ಗೋಡೆ ಸೀಳುತ್ತದೆ. ಆ ಬಾಗನ್ನು ಬಹುಮಟ್ಟಿಗೆ ಬಿಟ್ಟು ಮಾಡಿದ ಕೀಲಾಂಡ್ ಇಕ್ಕಳ ಬಂದದ್ದು ಆ ಕೆಲಸಕ್ಕೇ.

ಇಂದಿನ ವ್ಯಾಕ್ಯೂಮ್ ಹೆರಿಗೆಯ ಕನಸನ್ನೂ ಸಿಂಪ್ಸನ್ 1849ರಲ್ಲೇ ಕಂಡಿದ್ದರು: ಪಿಚಕಾರಿಯಂಥ ಕೊಳವೆ, ತುದಿಗೆ ಬಟ್ಟಲು; ಅದನ್ನು ನೆತ್ತಿಗಿಟ್ಟು ಗಾಳಿ ಹೀರಿ ಎಳೆಯುವುದು. ಅದು ನಿಲ್ಲಲಿಲ್ಲ. ಬಳಕೆಗೆ ಒಗ್ಗುವ ಸಾಧನವನ್ನು ಸ್ವೀಡನ್ನಿನ ಮಾಲ್ಮ್‌ಸ್ಟ್ರೋಮ್ ತಂದದ್ದು ನೂರು ವರ್ಷಗಳ ನಂತರ. 1859ರಲ್ಲಿ ಅವರು ‘ಅಕ್ಯುಪ್ರೆಶರ್’ ಎಂಬುದನ್ನೂ ಮುಂದಿಟ್ಟರು. ಅಂಗೈ ಒತ್ತುವ ಚಿಕಿತ್ಸೆಯಲ್ಲ ಅದು. ಕತ್ತರಿಸಿದ ರಕ್ತನಾಳವನ್ನು ದಾರದಿಂದ ಕಟ್ಟುವ ಬದಲು ಲೋಹದ ಸೂಜಿಯಿಂದ ಅದುಮಿ ಹಿಡಿಯುವುದು. ಇದನ್ನು ಸಹಿಸದ ಶಸ್ತ್ರವೈದ್ಯ ಸೈಮ್ ಆ ಪುಸ್ತಿಕೆಯನ್ನು ವಿದ್ಯಾರ್ಥಿಗಳೆದುರೇ ಹರಿದು ಹಾಕಿದರು.

ಅವರ ಕೊನೆಯ ದೊಡ್ಡ ಕೆಲಸ 1869ರ ಲೆಕ್ಕ. ಹಳ್ಳಿ, ಪಟ್ಟಣಗಳ ವೈದ್ಯರು ಮಾಡಿದ 2098 ಅಂಗಚ್ಛೇದನಗಳಲ್ಲಿ ಸತ್ತವರು 226. ದೊಡ್ಡ ಆಸ್ಪತ್ರೆಗಳ 2089ರಲ್ಲಿ 855. ನೂರಕ್ಕೆ 11ಕ್ಕೂ ಕಡಿಮೆ ಒಂದು ಕಡೆ, 41 ಇನ್ನೊಂದು ಕಡೆ. ಆಸ್ಪತ್ರೆಯೇ ರೋಗ ಹಂಚುತ್ತಿದೆ ಎಂದರು. ರೋಗಿಗಳನ್ನು ಸಣ್ಣ ಸಣ್ಣ ಕಟ್ಟಡಗಳಿಗೆ ಹಂಚಬೇಕು, ಬೇಕಾದಾಗ ಕಿತ್ತು ಕಟ್ಟುವಂತಿರಬೇಕು ಎಂಬುದು ಅವರ ಪರಿಹಾರ. ಅಂಕಿ ಕಣ್ತೆರೆಸುವಂಥದ್ದು, ಪರಿಹಾರ ಮಾತ್ರ ಗುರಿ ತಪ್ಪಿತು. ಕೈ, ಗಾಯ, ಉಪಕರಣಗಳ ಮೇಲಿನ ಸೂಕ್ಷ್ಮಾಣು ಕೊಲ್ಲಬೇಕೆಂದು ಅದೇ ಹೊತ್ತಿಗೆ ಹೇಳುತ್ತಿದ್ದ ಲಿಸ್ಟರ್ ಸೈಮ್ ಅವರ ಅಳಿಯ. ಹಳೆಯ ಹಗೆತನ ಇದ್ದಲ್ಲಿ ಒಳ್ಳೆಯ ಮಾತೂ ಕಿವಿಗೆ ಬೀಳಲಿಲ್ಲ. ಬಾಣಂತಿ ನಂಜು ಮತ್ತು ಶಸ್ತ್ರಕ್ರಿಯೆಯ ನಂತರದ ಜ್ವರ ಎರಡೂ ಒಂದೇ ಬಗೆಯವು ಎಂದು 1850ರಲ್ಲೇ ಬರೆದಿದ್ದ ಮನುಷ್ಯ ಲಿಸ್ಟರರನ್ನು ಒಪ್ಪದೆ ಹೋದದ್ದು ಅದಕ್ಕೇ ಹೆಚ್ಚು ಖೇದಕರ.

1866ರಲ್ಲಿ ಅವರಿಗೆ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬ್ರಿಟಿಷ್ ಪದವಿ ಬಂತು, ಅದರ ಬೆನ್ನಿಗೇ ಹಿರಿಯ ಮಗ ತೀರಿಕೊಂಡ. 1868ರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರ ಹುದ್ದೆ ಕೈತಪ್ಪಿ, ಮುಂಬಯಿಯಲ್ಲಿ ಶಿಕ್ಷಣ ಇಲಾಖೆ ನೋಡಿಕೊಂಡಿದ್ದ ಅಲೆಕ್ಸಾಂಡರ್ ಗ್ರ್ಯಾಂಟ್ ಪಾಲಾಯಿತು. 1870ರ ಮೇ 6ರಂದು, 58ನೇ ವಯಸ್ಸಿನಲ್ಲಿ, ಕ್ವೀನ್ ಸ್ಟ್ರೀಟಿನ ಅದೇ ಮನೆಯಲ್ಲಿ ಸಿಂಪ್ಸನ್ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹೂಳುವ ಅವಕಾಶವನ್ನು ಮನೆಯವರು ಬಿಟ್ಟು ಊರಿನ ವಾರಿಸ್ಟನ್ ಸ್ಮಶಾನವನ್ನೇ ಆರಿಸಿದರು.

ಪರೀಕ್ಷೆಗೆ ಓದುವಾಗ ಒಂದು ಎಚ್ಚರಿಕೆ: ಅವರ ನಂತರ ಅದೇ ಪೀಠಕ್ಕೆ ಬಂದವರು ಅಣ್ಣನ ಮಗ ಅಲೆಕ್ಸಾಂಡರ್ ರಸೆಲ್ ಸಿಂಪ್ಸನ್. ಕಟಿಯ ದಾರಿಯ ಅಕ್ಷದ ದಿಕ್ಕಿನಲ್ಲೇ ಎಳೆಯಲು ಬೇರೆ ಹಿಡಿಯಿರುವ ‘ಆಕ್ಸಿಸ್ ಟ್ರ್ಯಾಕ್ಷನ್’ ಸಿಂಪ್ಸನ್ ಇಕ್ಕಳ ಅವರದು. ಟ್ರೇಯಲ್ಲಿರುವ ಇಕ್ಕಳಕ್ಕೆ ಕೆಳಗಡೆ ಅಂಥ ಎಳೆಯುವ ಕಂಬಿ ಇಲ್ಲದಿದ್ದರೆ, ಅದು ಚಿಕ್ಕಪ್ಪನದು.